ತೋಟದ ಮನೆಗೆ ಸೆಕೆಂಡ್ ಹ್ಯಾಂಡ್ ಬೆಂಜ್ ವ್ಯಾಗನ್ ಸರಿ ಹೋಗತ್ತಾ? ರಿಪೇರಿ ಖರ್ಚಿನ ಲೆಕ್ಕ

ಪ್ರಶ್ನೆ: ಸರ್, ನಮ್ದು ಪೊನ್ನಂಪೇಟೆ ಹತ್ರ ಕಾಫಿ ತೋಟ. ಬೆಂಗಳೂರಲ್ಲಿ 2019ರ ಮರ್ಸಿಡಿಸ್ ಇ220ಡಿ ಆಲ್-ಟೆರೈನ್ ನೋಡಿದೀನಿ, 82 ಸಾವಿರ ಕಿ.ಮೀ. ಓಡಿದೆ, 34 ಲಕ್ಷ ಹೇಳ್ತಿದಾರೆ. ಇನ್ನೊಂದು ಕಡೆ 2018ರ ವೋಲ್ವೋ ವಿ90 ಕ್ರಾಸ್ ಕಂಟ್ರಿ 25 ಲಕ್ಷಕ್ಕಿದೆ. ದಿನಾ ಗೋಣಿಕೊಪ್ಪಕ್ಕೆ 7 ಕಿ.ಮೀ. ಮಗಳನ್ನ ಸ್ಕೂಲಿಗೆ ಬಿಡಬೇಕು, ತಿಂಗಳಿಗೊಂದ್ಸಲ ಬೆಂಗಳೂರು. ಅಮ್ಮನಿಗೆ ಮಂಡಿ ನೋವು, ಎತ್ತರದ ಎಸ್‌ಯುವಿ ಹತ್ತೋಕಾಗಲ್ಲ, ಅದಕ್ಕೇ ವ್ಯಾಗನ್ (ಸೆಡಾನ್ ಥರ ತಗ್ಗಿರೋ, ಹಿಂದೆ ಉದ್ದ ಡಿಕ್ಕಿಯ ಕಾರು) ಹುಡುಕ್ತಿರೋದು. ಇವುಗಳಲ್ಲಿ ಏನೇನು ಕೆಡತ್ತೆ, ರಿಪೇರಿಗೆ ಎಷ್ಟಾಗತ್ತೆ, ತಗೋಬಹುದಾ?

ಉತ್ತರ:

ಅಮ್ಮನ ಮಂಡಿ ನೋವಿಗೆ ವ್ಯಾಗನ್ ಅಂತ ಯೋಚ್ನೆ ಮಾಡಿದ್ದು ಸರಿಯಾಗೇ ಇದೆ. ನಮ್ಮಲ್ಲಿ ಎಲ್ರೂ ದೊಡ್ಡ ಎಸ್‌ಯುವಿ ಹಿಂದೆ ಬಿದ್ದು ಆಮೇಲೆ ಮನೆಯ ಹಿರಿಯರಿಗೆ ಹತ್ತೋಕೆ ಅಂತ ಪ್ಲಾಸ್ಟಿಕ್ ಸ್ಟೂಲ್ ಇಟ್ಕೊಂಡು ಓಡಾಡ್ತಾರೆ. ಕಾಫಿ ರೇಟು, ಅದ್ರಲ್ಲೂ ರೋಬಸ್ಟಾ ರೇಟು ಏರಿದ ಮೇಲೆ ಇಂಥ ಪ್ರಶ್ನೆಗಳು ಜಾಸ್ತಿನೇ ಬರ್ತಿವೆ, ಎಲ್ಲರಿಗೂ ಮೊದ್ಲು ನಾನು ಹೇಳೋದು ಒಂದೇ. ನೀವು ಕೇಳಿರೋ ಪ್ರಶ್ನೆಯಲ್ಲಿ ಮುಖ್ಯವಾದ ನಂಬರ್ 82 ಸಾವಿರ ಅಲ್ಲ, 34 ಲಕ್ಷನೂ ಅಲ್ಲ, ದಿನಾ 7 ಕಿ.ಮೀ. ಅಂತ ಬರ್ದಿದೀರಲ್ಲ ಅದು. ಈ ಕಾರುಗಳು ನಿಮ್ಮ ಕೈಯಲ್ಲಿ ಏನು ಕೆಡಿಸ್ಕೊಳ್ತವೆ ಅನ್ನೋದನ್ನ ಆ 7 ಕಿ.ಮೀ. ಮತ್ತೆ ನಮ್ಮ ನಾಲ್ಕು ತಿಂಗಳ ಮಳೆ ಸೇರಿ ತೀರ್ಮಾನ ಮಾಡ್ತವೆ, ಬ್ರ್ಯಾಂಡ್ ಆಮೇಲೆ.

ಮೊದ್ಲು ಬೆಲೆ ವಿಷಯ ಸ್ವಲ್ಪ. ಆಲ್-ಟೆರೈನ್ 2018ರ ಸೆಪ್ಟೆಂಬರ್‌ನಲ್ಲಿ ಇಂಡಿಯಾಗೆ ಬಂದಾಗ ಎಕ್ಸ್ ಶೋರೂಂ 75 ಲಕ್ಷ. ವಿ90 ಕ್ರಾಸ್ ಕಂಟ್ರಿ 2017ರ ಜುಲೈನಲ್ಲಿ ಬಂದಾಗ 60 ಲಕ್ಷ. ಈಗ ಅರ್ಧಕ್ಕಿಂತ ಕಮ್ಮಿಗೆ ಸಿಗ್ತಿವೆ ಅಂದ್ರೆ ಕಾರಿನ ಬೆಲೆ ಇಳಿದಿದೆ ಅಷ್ಟೇ, ಪಾರ್ಟ್ಸ್ ಬೆಲೆ ಒಂದು ರೂಪಾಯಿನೂ ಇಳಿದಿಲ್ಲ, ಏರಿದೆ. ನೀವು 34 ಲಕ್ಷ ಕೊಟ್ಟು ತಗೊಂಡ್ರೂ ಬಿಲ್ ಬರೋದು 75 ಲಕ್ಷದ ಕಾರಿಗೇ. ಕೆಳಗೆ ನಾನು ಹೇಳೋ ರೇಟುಗಳೆಲ್ಲ ಅಂದಾಜು, ಕಂಪನಿ ಸರ್ವೀಸ್‌ಗೂ ಹೊರಗಿನ ಒಳ್ಳೆ ಗ್ಯಾರೇಜಿಗೂ ನಡುವೆ ದೊಡ್ಡ ವ್ಯತ್ಯಾಸ ಇರತ್ತೆ, ತಗೊಳ್ಳೋ ಮುಂಚೆ ಚಾಸಿ ನಂಬರ್ ಕೊಟ್ಟು ಎರಡು ಕಡೆ ಕೊಟೇಶನ್ ತಗೊಳ್ಳಿ.

ಬೆಂಜ್ ಬಗ್ಗೆ ಒಂದು ವಿಷ್ಯ ಅರ್ಥ ಮಾಡ್ಕೊಂಡ್ರೆ ಅರ್ಧ ಲೆಕ್ಕ ಮುಗೀತು. ಆ ಕಾರಿನ ಎಂಜಿನ್, ಗೇರ್‌ಬಾಕ್ಸ್ ಎಲ್ಲ ನಮ್ಮಲ್ಲಿ ಓಡ್ತಿರೋ ಇ220ಡಿ ಸೆಡಾನ್‌ದೇ. ಸೆಡಾನ್ ಪುಣೆ ಹತ್ರ ಚಾಕಣದಲ್ಲಿ ಅಸೆಂಬಲ್ ಆಗತ್ತೆ, ಸಾಕಷ್ಟು ಮಾರಾಟ ಆಗಿದೆ, ಹಾಗಾಗಿ ಫಿಲ್ಟರ್, ಸೆನ್ಸರ್, ಎಂಜಿನ್ ಸಾಮಾನು ಎಲ್ಲ ಸಿಗತ್ತೆ, ಗೊತ್ತಿರೋ ಮೆಕ್ಯಾನಿಕ್‌ಗಳೂ ಇದಾರೆ. ಆದ್ರೆ ಆಲ್-ಟೆರೈನ್ ಪೂರ್ತಿ ಇಂಪೋರ್ಟ್ ಆಗಿ ಬಂದಿದ್ದು, ಬಂದಿದ್ದೂ ಕೆಲವೇ ಕೆಲವು. ಹಾಗಾಗಿ ಹಿಂದಿನ ಗ್ಲಾಸು, ಡಿಕ್ಕಿ ಬಾಗಿಲು, ಹಿಂದಿನ ಲೈಟು, ಚಕ್ರದ ಮೇಲಿನ ಕಪ್ಪು ಪ್ಲಾಸ್ಟಿಕ್ಕು, ಏರ್ ಸಸ್ಪೆನ್ಷನ್ ಇವೆಲ್ಲ ಬೇಕು ಅಂದ್ರೆ ಆರ್ಡರ್ ಹಾಕಿ ವಾರಗಟ್ಲೆ ಕಾಯ್ಬೇಕು. ತೋಟದ ದಾರಿಯಲ್ಲಿ ರಿವರ್ಸ್ ತಗೊಳ್ವಾಗ ಸಿಲ್ವರ್ ಓಕ್ ಮರಕ್ಕೆ ಹಿಂದಿನ ಲೈಟ್ ತಾಗಿಸಿದ್ರೆ ಅದು ಗುದ್ದಿದ ದಿನಕ್ಕಿಂತ ಕಾಯೋ ದಿನಗಳಲ್ಲೇ ಹೆಚ್ಚು ನೋಯತ್ತೆ.

ಈಗ ನಿಜವಾದ ತಲೆನೋವಿಗೆ ಬರೋಣ, ಏರ್ ಸಸ್ಪೆನ್ಷನ್. ಇದ್ರಲ್ಲಿ ಸ್ಪ್ರಿಂಗ್ ಬದ್ಲು ರಬ್ಬರ್ ಗಾಳಿಚೀಲ ಇದೆ, ಗಾಳಿ ತುಂಬೋಕೆ ಒಂದು ಕಂಪ್ರೆಸರ್, ಯಾವ ಚಕ್ರಕ್ಕೆ ಎಷ್ಟು ಅಂತ ಹಂಚೋಕೆ ವಾಲ್ವ್ ಬ್ಲಾಕು, ಎತ್ತರ ಅಳೆಯೋಕೆ ಸಣ್ಣ ಕಡ್ಡಿ ಥರದ ಲೆವೆಲ್ ಸೆನ್ಸರ್. ಮುಂದಿನದ್ರಲ್ಲಿ ಗಾಳಿಚೀಲನೂ ಶಾಕ್ ಅಬ್ಸಾರ್ಬರೂ ಒಟ್ಟಿಗೇ ಒಂದು ಸೆಟ್, ಹಿಂದೆ ಬೇರೆ ಬೇರೆ. ರಬ್ಬರ್ ವಯಸ್ಸಾದ ಹಾಗೆ ಮಡಿಕೆ ಬೀಳೋ ಜಾಗದಲ್ಲಿ ಸಣ್ಣ ಬಿರುಕು ಬಿಡತ್ತೆ, ಆ ಮಡಿಕೆಯೊಳಗೆ ನಮ್ಮ ಕೆಂಪು ಕೆಸರು, ಮರಳು ಸೇರ್ಕೊಂಡ್ರೆ ಉಜ್ಜಿ ಉಜ್ಜಿ ಇನ್ನೂ ಬೇಗ ಹೋಗತ್ತೆ. ಗಾಳಿ ಸಣ್ಣಗೆ ಸೋರೋಕೆ ಶುರುವಾದ್ರೆ ಕಾರು ಓಡ್ತಿರೋವಾಗ ಏನೂ ಗೊತ್ತಾಗಲ್ಲ, ಯಾಕಂದ್ರೆ ಕಂಪ್ರೆಸರ್ ಹಿಂದಿಂದೆ ತುಂಬ್ತಾನೇ ಇರತ್ತೆ. ಒಂದಿನ ಓವರ್‌ಟೈಮ್ ಮಾಡಿ ಮಾಡಿ ಕಂಪ್ರೆಸರ್ರೇ ಸುಟ್ಟು ಹೋಗತ್ತೆ, ಬೆಳಗ್ಗೆ ಬಂದು ನೋಡಿದ್ರೆ ಕಾರು ನೆಲಕ್ಕೆ ಕೂತಿರತ್ತೆ. ಆಗ ಜನ ಕಂಪ್ರೆಸರ್ ಮಾತ್ರ ಬದಲಾಯಿಸ್ತಾರೆ, ಸೋರೋ ಚೀಲ ಹಾಗೇ ಬಿಡ್ತಾರೆ, ಹೊಸ ಕಂಪ್ರೆಸರ್ರೂ ಅದೇ ದಾರಿ ಹಿಡಿಯತ್ತೆ. ಒಂದು ಬಿಲ್ ಎರಡಾಗೋದು ಹೀಗೆ.

ಮಳೆ ಇದಕ್ಕೆ ಇನ್ನೊಂದು ರೀತಿಲೂ ಸೇರ್ಕೊಳ್ಳತ್ತೆ. ಕಂಪ್ರೆಸರ್ ಹೊರಗಿನ ಗಾಳಿನೇ ಎಳ್ಕೊಳ್ಳೋದು, ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಗಾಳಿಯಲ್ಲಿ ಎಷ್ಟು ತೇವ ಇರತ್ತೆ ಅಂತ ನಿಮಗೆ ಹೇಳ್ಬೇಕಾಗಿಲ್ಲ, ಬೀರುವಲ್ಲಿಟ್ಟ ಚಪ್ಪಲಿಗೇ ಬೂಷ್ಟು ಬರತ್ತೆ. ಆ ತೇವ ಹೀರೋಕೆ ಒಳಗೆ ಒಂದು ಡ್ರೈಯರ್ ಇದೆ, ಸೋರೋ ಕಾರಲ್ಲಿ ಕಂಪ್ರೆಸರ್ ಹೆಚ್ಚು ಓಡೋದ್ರಿಂದ ಡ್ರೈಯರ್ ಬೇಗ ನೆನೆದು ಸುಮ್ಮನಾಗತ್ತೆ, ಆಮೇಲೆ ನೀರಿನಂಶ ನೇರ ವಾಲ್ವ್ ಬ್ಲಾಕಿಗೆ. ಇದ್ರ ಲೆಕ್ಕ ಹೇಳ್ಬೇಕು ಅಂದ್ರೆ ಮುಂದಿನ ಒಂದು ಸ್ಟ್ರಟ್ (ಆ ಗಾಳಿಚೀಲ, ಶಾಕ್ ಸೇರಿದ ಸೆಟ್) ಕಂಪನಿಯಲ್ಲಿ ಹಾಕಿಸಿದ್ರೆ ಸುಮಾರು 1.2 ಲಕ್ಷದಿಂದ 1.8 ಲಕ್ಷ, ಹಿಂದಿನ ಚೀಲ ಒಂದಕ್ಕೆ 50ರಿಂದ 90 ಸಾವಿರ, ಕಂಪ್ರೆಸರ್ 70 ಸಾವಿರದಿಂದ 1.2 ಲಕ್ಷ. ಮುಂದಿನದ್ದು ಒಂದು ಹೋದ್ರೆ ಇನ್ನೊಂದೂ ಅದೇ ವಯಸ್ಸಿಂದು, ಅದೂ ಬರ್ತಾ ಇದೆ ಅಂತಲೇ ಲೆಕ್ಕ ಇಟ್ಕೊಳ್ಳಿ. ರೀಬಿಲ್ಟ್ ಸ್ಟ್ರಟ್‌ಗಳು ಸಿಗ್ತವೆ, ಒಳ್ಳೆ ಕಂಪನಿಯದ್ದಾದ್ರೆ ಬೇಡ ಅನ್ನಲ್ಲ, ಅರ್ಧ ರೇಟಿಗೆ ಆಗತ್ತೆ. ಡೆಲ್ಲಿಯ ಗುಜರಿ ಮಾರ್ಕೆಟ್ ಮಾಯಾಪುರಿಯಿಂದ ತರಿಸಿದ ಗಾಳಿಚೀಲ ಮಾತ್ರ ಬೇಡವೇ ಬೇಡ, ಬೇರೆಯವರ ಹಳೇ ರಬ್ಬರ್ ತಗೊಂಡು ನೀವೇನು ಮಾಡ್ತೀರ.

ಇದನ್ನ ಚೆಕ್ ಮಾಡೋಕೆ ಕಾರಿನ ಕಂಪ್ಯೂಟರ್ ಓದೋ ಸ್ಕ್ಯಾನರ್‌ಗಿಂತ ಅಳತೆ ಟೇಪು ಮೇಲು. ಮಾರೋರ ಹತ್ರ ಸಾಯಂಕಾಲ ಹೋಗಿ, ಸಮತಟ್ಟಾದ ಜಾಗದಲ್ಲಿ ನಿಲ್ಸಿ, ನಾಲ್ಕೂ ಚಕ್ರದ ಮಧ್ಯದಿಂದ ಮೇಲಿನ ಕಮಾನಿನ ಅಂಚಿನ ತನಕ ಅಳೆದು ಬರ್ಕೊಳ್ಳಿ. ಕಾರು ಲಾಕ್ ಮಾಡಿ ರಾತ್ರಿ ಬಿಡ್ಲಿ, ಬೆಳಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ಮತ್ತೆ ಅಳೀರಿ. ಎಲ್ಲಾ ಕಡೆ ಒಂದೇ ಸಮ ಸ್ವಲ್ಪ ಇಳಿದಿದ್ರೆ ಗಾಬರಿ ಬೇಡ, ಒಂದು ಮೂಲೆ ಮಾತ್ರ ಬೆರಳಗಲ ಇಳಿದಿದ್ರೆ ಅಲ್ಲಿ ಸೋರ್ತಿದೆ. "ಅಷ್ಟೊತ್ತೆಲ್ಲ ಬಿಡೋಕಾಗಲ್ಲ ಸರ್, ಇನ್ನೊಂದು ಪಾರ್ಟಿ ಬರ್ತಿದಾರೆ" ಅಂದ್ರೆ ಆ ಪಾರ್ಟಿಗೇ ಕೊಡ್ಲಿ ಬಿಡಿ. ಆಮೇಲೆ ಡ್ಯಾಶ್‌ನಲ್ಲಿ ಎತ್ತರ ಏರಿಸೋ ಬಟನ್ ಒತ್ತಿ, ಏರೋಕೆ ಎಷ್ಟು ಹೊತ್ತು ತಗೊಳ್ಳತ್ತೆ ನೋಡಿ, ಕಂಪ್ರೆಸರ್ ಗರಗರ ಅಂತ ಕಿರುಚ್ತಿದ್ಯಾ ಕೇಳಿ.

ಈಗ ಆ 7 ಕಿ.ಮೀ. ವಿಷಯ. ಆಲ್-ಟೆರೈನ್ ಬಿಎಸ್6 ಡೀಸೆಲ್, ಅಂದ್ರೆ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್ ಇದೆ, ಜೊತೆಗೆ ಹೊಗೆಯ ವಿಷ ಕಮ್ಮಿ ಮಾಡೋ ಆಡ್‌ಬ್ಲೂ ಅನ್ನೋ ದ್ರವ ಸಿಂಪಡಿಸೋ ವ್ಯವಸ್ಥೆ. ಡಿಪಿಎಫ್ ತುಂಬಿದಾಗ ಕಾರು ತಾನೇ ಅದನ್ನ ಸುಟ್ಟು ಖಾಲಿ ಮಾಡ್ಕೊಳ್ಳತ್ತೆ, ಅದಕ್ಕೆ ಒಳಗೆ 550–600 ಡಿಗ್ರಿ ಬಿಸಿ ಬೇಕು, ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ ನಿಲ್ಲದೇ ಓಡ್ಬೇಕು. ನಿಮ್ಮ ಮನೆಯಿಂದ ಗೋಣಿಕೊಪ್ಪಕ್ಕೆ ಹೋಗೋಷ್ಟರಲ್ಲಿ, ಅದೂ ಡಿಸೆಂಬರ್ ಚಳಿ ಬೆಳಗ್ಗೆ, ಎಂಜಿನ್ ಸರಿಯಾಗಿ ಬಿಸಿನೇ ಆಗಿರಲ್ಲ. ಸುಡೋಕೆ ಶುರು ಮಾಡತ್ತೆ, ನೀವು ಸ್ಕೂಲ್ ಗೇಟ್ ಹತ್ರ ಆಫ್ ಮಾಡ್ತೀರ, ಅರ್ಧಕ್ಕೇ ನಿಲ್ಲತ್ತೆ. ವಾಪಸ್ ಬರ್ತಾ ಮತ್ತೆ ಶುರು, ಮತ್ತೆ ಅರ್ಧ. ಸುಡೋಕೆ ಅಂತ ಹೆಚ್ಚುವರಿ ಹಾಕಿದ ಡೀಸೆಲ್ ಎಲ್ಲಿಗೆ ಹೋಗತ್ತೆ? ಸ್ವಲ್ಪ ಸಿಲಿಂಡರ್ ಗೋಡೆ ಮೇಲಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರತ್ತೆ. ಆಯಿಲ್ ಲೆವೆಲ್ ಕಮ್ಮಿ ಆಗೋ ಬದ್ಲು ಜಾಸ್ತಿ ಆಗ್ತಿದ್ರೆ ಅದು ಖುಷಿ ಪಡೋ ವಿಷ್ಯ ಅಲ್ಲ, ಆಯಿಲ್ ತೆಳುವಾಗಿ ಟರ್ಬೋ, ಬೇರಿಂಗ್ ತಿನ್ನೋಕೆ ಶುರು ಮಾಡಿದೆ ಅಂತ.

ಇಳಿದ ಮೇಲೂ ಫ್ಯಾನ್ ಜೋರಾಗಿ ಹೊಡ್ಕೊಳ್ತಿದ್ರೆ, ಸುಟ್ಟ ಬಿಸಿ ವಾಸನೆ ಬಂದ್ರೆ, ನಿಂತಲ್ಲಿ ಆರ್‌ಪಿಎಂ ಸ್ವಲ್ಪ ಏರಿದ್ರೆ ಅದು ಸುಡ್ತಿದೆ ಅಂತ ಅರ್ಥ, ಆವತ್ತು ಆಫ್ ಮಾಡ್ಬೇಡಿ, ಪೊನ್ನಂಪೇಟೆ ದಾಟಿ ಕುಟ್ಟ ರೋಡಲ್ಲೋ ತಿತಿಮತಿ ಕಡೆಗೋ ಒಂದು ರೌಂಡ್ ಹೊಡ್ಕೊಂಡು ಬನ್ನಿ. ತಿಂಗಳಿಗೊಂದು ಬೆಂಗಳೂರು ಟ್ರಿಪ್ ಇದೆ ಅಂದ್ರಲ್ಲ, ಮೈಸೂರು ಆದ್ಮೇಲೆ ಎಕ್ಸ್‌ಪ್ರೆಸ್‌ವೇಯಲ್ಲಿ ಒಂದೂವರೆ ಗಂಟೆ ಒಂದೇ ಸ್ಪೀಡಲ್ಲಿ ಹೋಗೋದು ಈ ಎಂಜಿನ್‌ಗೆ ಬಹಳ ಒಳ್ಳೇದು, ಅದೊಂದೇ ಇದನ್ನ ಉಳಿಸೋದು. ಆದ್ರೆ ಮಧ್ಯದ ಇಪ್ಪತ್ತೊಂಬತ್ತು ದಿನ ಹೀಗೇ ಅರ್ಧಂಬರ್ಧ ಆದ್ರೆ ಆ ಒಂದು ದಿನ ಸಾಲಲ್ಲ. ಡಿಪಿಎಫ್ ಕಟ್ಟಿಕೊಂಡ್ರೆ ಮೊದ್ಲು ವರ್ಕ್‌ಶಾಪಲ್ಲಿ ಕಂಪ್ಯೂಟರ್ ಹಾಕಿ ಸುಡ್ಸೋದು, ಕೆಲವು ಸಾವಿರದಲ್ಲಿ ಮುಗಿಯತ್ತೆ. ಬಿಚ್ಚಿ ಕ್ಲೀನ್ ಮಾಡ್ಸೋದಾದ್ರೆ 30–50 ಸಾವಿರ. ಹೊಸದು ಅಂದ್ರೆ 2 ಲಕ್ಷದ ಮೇಲೇ. "ಡಿಪಿಎಫ್ ತೆಗೆದು ಹಾಕಿ ಮ್ಯಾಪ್ ಮಾಡಿಸ್ಬಿಡಿ" (ಅಂದ್ರೆ ಎಂಜಿನ್ ಕಂಪ್ಯೂಟರ್ ಪ್ರೋಗ್ರಾಂ ಬದಲಾಯಿಸಿ) ಅಂತ ಸಲಹೆ ಕೊಡೋರು ಸಿಗ್ತಾರೆ, ಅದು ಕಾನೂನಿಗೆ ವಿರುದ್ಧ, ಎಮಿಷನ್ ಟೆಸ್ಟ್‌ಗೂ ತೊಂದ್ರೆ, ಮಾರೋವಾಗ ಗಿರಾಕಿನೂ ಸಿಗಲ್ಲ.

ಹೊಗೆಯಲ್ಲಿರೋ ನೈಟ್ರೋಜನ್ ಆಕ್ಸೈಡ್ ಅಳೆಯೋ ನಾಕ್ಸ್ ಸೆನ್ಸರ್ ಅಂತ ಎರಡು ಇರ್ತವೆ, ಸೈಲೆನ್ಸರ್ ಪೈಪಲ್ಲಿ. ಈ ವಯಸ್ಸಿನ ಬೆಂಜ್ ಡೀಸೆಲ್‌ಗಳಲ್ಲಿ ಇವು ಹೋಗೋದು ತೀರಾ ಮಾಮೂಲು, ಒಂದಕ್ಕೆ 45ರಿಂದ 70 ಸಾವಿರ. ಹೋದ್ರೆ ಕಾರು ನಿಲ್ಲಲ್ಲ, ಆದ್ರೆ "ಇನ್ನು ಇಷ್ಟು ಕಿಲೋಮೀಟರ್ ಆದ್ಮೇಲೆ ಸ್ಟಾರ್ಟ್ ಆಗಲ್ಲ" ಅಂತ ಎಣಿಸೋಕೆ ಶುರು ಮಾಡತ್ತೆ. ಮನೆಯಿಂದ ಸರ್ವೀಸ್ ಸೆಂಟರ್ ದೂರ ಇರೋ ನಮ್ಮಂಥೋರಿಗೆ ಆ ಎಣಿಕೆ ನೋಡ್ತಿದ್ರೆ ಬಿಪಿ ಏರತ್ತೆ. ಆಡ್‌ಬ್ಲೂ ಟ್ಯಾಂಕಿನ ಪಂಪು, ಹೀಟರ್ ಸೆಟ್ ಹೋದ್ರೆ ಅದೊಂದು ಲಕ್ಷದ ಆಸುಪಾಸು. ಆಡ್‌ಬ್ಲೂ ಸಿಗೋದು ಈಗ ಕಷ್ಟ ಇಲ್ಲ, ಬಿಎಸ್6 ಲಾರಿಗಳು ಬಂದ್ಮೇಲೆ ದೊಡ್ಡ ಬಂಕುಗಳಲ್ಲಿ ಡಿಇಎಫ್ ಅಂತ ಬಕೆಟ್‌ನಲ್ಲಿ ಮಾರ್ತಾರೆ. ಅದ್ರಲ್ಲಿ ಇರೋದು 32.5 ಪರ್ಸೆಂಟ್ ಯೂರಿಯಾ, ಉಳಿದಿದ್ದು ಶುದ್ಧ ನೀರು. ಇದನ್ನ ಕೇಳಿದ ತೋಟದ ಮಾಲೀಕರೊಬ್ರು "ಹಾಗಾದ್ರೆ ನಮ್ಮ ಗೋಡೌನಲ್ಲೇ ಮೂಟೆಗಟ್ಲೆ ಇದ್ಯಲ್ಲ" ಅಂದಿದ್ರು, ದಯವಿಟ್ಟು ಆ ಕಡೆ ಹೋಗ್ಬೇಡಿ, ಗೊಬ್ಬರದ ಯೂರಿಯಾದಲ್ಲಿರೋ ಕಲ್ಮಶ, ಬಯೂರೆಟ್ ಎಲ್ಲ ಸೇರಿ ಇಂಜೆಕ್ಟರ್ ಕಟ್ಟಿ ಕ್ಯಾಟಲಿಸ್ಟ್‌ನೇ ಹಾಳು ಮಾಡತ್ತೆ. ಡೀಸೆಲ್ ಮುಚ್ಚಳ, ಆಡ್‌ಬ್ಲೂ ಮುಚ್ಚಳ ಎರಡೂ ಅಕ್ಕಪಕ್ಕ ಇರ್ತವೆ, ಬಂಕಿನ ಹುಡುಗ ಫೋನಲ್ಲಿ ಮಾತಾಡ್ತಾ ಆಡ್‌ಬ್ಲೂ ತಗೊಂಡು ಡೀಸೆಲ್ ಟ್ಯಾಂಕಿಗೆ ಸುರಿದ್ರೆ ಸ್ಟಾರ್ಟ್ ಮಾಡ್ಬೇಡಿ, ಕೀ ಕೂಡ ಹಾಕ್ಬೇಡಿ, ಅಲ್ಲಿಂದಲೇ ಟೋ ಮಾಡ್ಸಿ. ಸ್ಟಾರ್ಟ್ ಮಾಡಿದ್ರೆ ಪಂಪು, ಫ್ಯೂಯಲ್ ರೈಲ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚೋ ಪೈಪು), ಇಂಜೆಕ್ಟರ್ ಎಲ್ಲ ಸೇರಿ ಎಷ್ಟಾಗತ್ತೆ ಅಂತ ಹೇಳಿದ್ರೆ ನೀವು ಕಾರೇ ಬೇಡ ಅಂತೀರ.

ಎಂಜಿನ್ ಬಗ್ಗೆ ನನಗೆ ಹೆಚ್ಚು ಭಯ ಇಲ್ಲ. 1,950 ಸಿಸಿ, 194 ಹಾರ್ಸ್ ಪವರ್, ಅಲ್ಯೂಮಿನಿಯಂ ಬ್ಲಾಕು, ಸ್ಟೀಲ್ ಪಿಸ್ಟನ್, ಚೆನ್ನಾಗಿರೋ ಎಂಜಿನ್. ಚಳಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮೇಲ್ಗಡೆಯಿಂದ ಟಕ್ ಟಕ್ ಶಬ್ದ ಬಂದು ಬಿಸಿ ಆದ್ಮೇಲೂ ಹೋಗದೇ ಇದ್ರೆ ವಾಲ್ವ್ ತೆರೆಯೋ ರಾಕರ್, ಕ್ಯಾಮ್ ಸವೆದಿರಬಹುದು, ಟೈಮಿಂಗ್ ಚೈನು ಇದ್ರಲ್ಲಿ ಎಂಜಿನ್ ಹಿಂಭಾಗದಲ್ಲಿರೋದ್ರಿಂದ ಆ ಕಡೆ ಕೈ ಹಾಕಿದ್ರೆ ಲೇಬರ್ ಚಾರ್ಜೇ ಬೆನ್ನು ಮುರಿಯತ್ತೆ. ಇನ್ನೊಂದು ಮರೀಬೇಡಿ, ಇದೇ ಎಂಜಿನ್ ಕುಟುಂಬದ ಕಾರುಗಳಿಗೆ ಕೂಲೆಂಟ್ ಪಂಪ್ ರೀಕಾಲ್ ಬಂದಿತ್ತು, ಪಂಪ್ ಒಳಗಿನ ಸೋರಿಕೆಯಿಂದ ಬೆಂಕಿ ಹತ್ತೋ ಅಪಾಯ ಅಂತ, 2017ರಿಂದ 2021ರ ಅಕ್ಟೋಬರ್ ತನಕ ತಯಾರಾದ ಡೀಸೆಲ್ ಕಾರುಗಳು, ಜಗತ್ತಿನಾದ್ಯಂತ 8 ಲಕ್ಷಕ್ಕೂ ಹೆಚ್ಚು. ನಿಮ್ಮ ಕಾರಿನ ಚಾಸಿ ನಂಬರ್ ಅದ್ರಲ್ಲಿ ಬರತ್ತಾ, ಬಂದಿದ್ರೆ ಕೆಲಸ ಮುಗಿದಿದ್ಯಾ ಅಂತ ಕಂಪನಿ ಸರ್ವೀಸ್‌ನಲ್ಲಿ ಕೇಳಿ, ಅದಕ್ಕೆ ದುಡ್ಡಿಲ್ಲ. ವೋಲ್ವೋಗೂ ಅದೇ ಕಥೆ, 2014ರಿಂದ 2019ರ 2 ಲೀಟರ್ ಡೀಸೆಲ್‌ಗಳಲ್ಲಿ ಪ್ಲಾಸ್ಟಿಕ್ ಇಂಟೇಕ್ ಮ್ಯಾನಿಫೋಲ್ಡ್ ಕರಗಬಹುದು ಅಂತ 2019ರಲ್ಲಿ ಸುಮಾರು 5 ಲಕ್ಷ ಕಾರು ವಾಪಸ್ ಕರೆದಿದ್ರು, ವಿ90 ಆ ಪಟ್ಟಿಯಲ್ಲಿತ್ತು.

ಗೇರ್‌ಬಾಕ್ಸ್ 9 ಸ್ಪೀಡು, ಆಯಿಲ್ ಬದಲಾವಣೆ ಕಂಪನಿ ಲೆಕ್ಕದಲ್ಲಿ 1,25,000 ಕಿ.ಮೀ.ಗೆ. ಘಾಟಿ ಏರಿ ಇಳಿಯೋ ಕಾರಿಗೆ ನಾನು ಅಲ್ಲಿತನಕ ಕಾಯಲ್ಲ, 80 ಸಾವಿರ ದಾಟಿದ್ರೆ ಮಾಡ್ಸಿ, 35ರಿಂದ 55 ಸಾವಿರ. ಟ್ರಾಫಿಕ್‌ನಲ್ಲಿ ಎರಡರಿಂದ ಒಂದಕ್ಕೆ ಇಳಿಯೋವಾಗ ಹಿಂದಿಂದ ತಳ್ಳಿದ ಹಾಗಾದ್ರೆ ಟೆಸ್ಟ್ ಡ್ರೈವ್‌ನಲ್ಲೇ ಹೇಳಿ ರೇಟು ಇಳಿಸಿ.

ಬ್ರೇಕು. ಎರಡು ಟನ್ ಹತ್ರ ಹತ್ರ ತೂಕದ ಕಾರು ಸಂಪಾಜೆ ಘಾಟಿಯಲ್ಲೋ ಪೆರುಂಬಾಡಿಯಿಂದ ಮಾಕುಟ್ಟಕ್ಕೋ ಇಳಿಯೋವಾಗ ಪೂರ್ತಿ ಪೆಡಲ್ ಮೇಲೇ ನಂಬಿ ಇಳಿದ್ರೆ ಪ್ಯಾಡ್ ಬೇಗ ಹೋಗತ್ತೆ, ಡಿಸ್ಕ್ ಬಾಗಿ ಸ್ಟೀರಿಂಗ್ ನಡುಗತ್ತೆ. ಸ್ಟೀರಿಂಗ್ ಹಿಂದಿನ ಪ್ಯಾಡಲ್ ಒತ್ತಿ ಮೂರನೇ ಗೇರಲ್ಲಿ ಇಳೀರಿ. ಮುಂದಿನ ಡಿಸ್ಕ್, ಪ್ಯಾಡ್ ಸೇರಿ 50ರಿಂದ 80 ಸಾವಿರ. ಹಿಂದಿನ ಪ್ಯಾಡ್ ಹಾಕೋವಾಗ ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇರೋದ್ರಿಂದ ಸ್ಕ್ಯಾನರ್‌ನಲ್ಲಿ ಸರ್ವೀಸ್ ಮೋಡ್‌ಗೆ ಹಾಕ್ಬೇಕು. ಜೀಪಿಗೆ ಮಾಡಿದ ಹಾಗೆ ಸಿ ಕ್ಲ್ಯಾಂಪ್ ಹಾಕಿ ಒತ್ತಿದ್ರೆ ಮೋಟರ್ ಹೋಗತ್ತೆ. ಈ ಒಂದು ವಿಷಯಕ್ಕಾದ್ರೂ ಊರಿನ ಗ್ಯಾರೇಜ್ ಬೇಡ ಅಂತೀನಿ, ಅವ್ರ ಮೇಲೆ ಗೌರವ ಇಲ್ಲ ಅಂತಲ್ಲ, ನಮ್ಮ ಊರಿನ ಜೀಪು ಮೆಕ್ಯಾನಿಕ್‌ಗಳ ಥರ ಕೆಲಸ ಮಾಡೋರು ಬೆಂಗಳೂರಲ್ಲೂ ಸಿಗಲ್ಲ, ಆದ್ರೆ ಅವ್ರ ಹತ್ರ ಈ ಕಾರಿನ ಸ್ಕ್ಯಾನರ್ ಇಲ್ಲ.

ಟೈರ್ 19 ಇಂಚಿಂದು, ನಾಲ್ಕಕ್ಕೆ 80 ಸಾವಿರದಿಂದ ಒಂದು ಲಕ್ಷದ ಮೇಲೆ. ನಾಲ್ಕೂ ಚಕ್ರಕ್ಕೆ ಪವರ್ ಹೋಗೋ ಕಾರಾದ್ರಿಂದ ಒಂದು ಪಂಕ್ಚರ್ ಆಗಿ ಹೋಯ್ತು ಅಂತ ಒಂದೇ ಹೊಸದು ಹಾಕಿ ಉಳಿದ ಮೂರು ಸವೆದಿದ್ದು ಬಿಟ್ರೆ ಮುಂದಿನ ಹಿಂದಿನ ಚಕ್ರಗಳಿಗೆ ಪವರ್ ಹಂಚೋ ಟ್ರಾನ್ಸ್‌ಫರ್ ಕೇಸಿಗೆ ಏಟು. ನೋಡೋಕೆ ಹೋದಾಗ ನಾಲ್ಕು ಟೈರೂ ಒಂದೇ ಬ್ರ್ಯಾಂಡಾ, ಒಂದೇ ವರ್ಷದ್ದಾ ನೋಡಿ, ಹಳೇ ಓನರ್ ಕಾರನ್ನ ಹೇಗೆ ನೋಡ್ಕೊಂಡಿದ್ರು ಅನ್ನೋದು ಅದ್ರಲ್ಲೇ ಗೊತ್ತಾಗತ್ತೆ. ಮುಂದಿನ ಚಕ್ರ ಹಿಡ್ಕೊಳ್ಳೋ ಲೋವರ್ ಆರ್ಮ್‌ನ ರಬ್ಬರ್ ಬುಷ್‌ಗಳು ಗುಂಡಿ ರೋಡಲ್ಲಿ ಹೋಗೇ ಹೋಗ್ತವೆ, ಒಂದು ಕಡೆಗೆ 25–45 ಸಾವಿರ, ಅದು ಸವೆಯೋ ಸಾಮಾನು, ದೂರೋಕಾಗಲ್ಲ.

ನೀರು ಒಳಗೆ ಬರೋ ದಾರಿಗಳನ್ನ ಬೇರೆ ಊರಿನೋರು ಇಷ್ಟು ತಲೆಕೆಡಿಸ್ಕೊಳ್ಳಲ್ಲ, ನಾವು ಕೆಡಿಸ್ಕೊಳ್ಬೇಕು. ಮರದ ಕೆಳಗೆ ನಿಲ್ಲಿಸೋ ಕಾರಲ್ಲಿ ಸಿಲ್ವರ್ ಓಕ್ ಎಲೆ ಎಲ್ಲ ವೈಪರ್ ಕೆಳಗಿನ ತೊಟ್ಟಿಗೆ ಬಿದ್ದು ಕೊಳೆತು ನೀರು ಹೋಗೋ ತೂತು ಮುಚ್ಚತ್ತೆ, ಸನ್‌ರೂಫ್ ಇದ್ರೆ ಅದ್ರ ನಾಲ್ಕು ಮೂಲೆ ಪೈಪೂ ಹಾಗೇ. ಆಮೇಲೆ ನೀರು ಕ್ಯಾಬಿನ್ ಫಿಲ್ಟರ್ ಮೂಲಕವೋ ಗ್ಲಾಸ್ ಪಕ್ಕದ ಕಂಬದ ಒಳಗಿಂದಲೋ ಕಾಲಿನ ಹತ್ರ ಬರತ್ತೆ, ಕಾರ್ಪೆಟ್ ಕೆಳಗೆ ವೈರ್ ಕನೆಕ್ಟರ್‌ಗಳಿರ್ತವೆ. ವೋಲ್ವೋದಲ್ಲಿ ಬ್ಯಾಟರಿ ಡಿಕ್ಕಿಯ ತಳದಲ್ಲಿದೆ, ಅಲ್ಲಿ ನೀರು ನಿಂತ್ರೆ ಯಾವ್ಯಾವ ಲೈಟ್ ಉರಿಯತ್ತೋ ಹೇಳೋಕಾಗಲ್ಲ. ವ್ಯಾಗನ್‌ಗಳಲ್ಲಿ ಡಿಕ್ಕಿ ಬಾಗಿಲಿನ ಹಿಂಜ್ ಹತ್ರ ವೈರ್ ದಿನಾ ಮಡಚಿ ಮಡಚಿ ತುಂಡಾಗೋದು ಇನ್ನೊಂದು, ಹಿಂದಿನ ವೈಪರ್, ಕ್ಯಾಮೆರಾ ಒಮ್ಮೆ ಬರತ್ತೆ ಒಮ್ಮೆ ಬರಲ್ಲ ಅಂದ್ರೆ ಮೊದ್ಲು ಅಲ್ಲಿ ರಬ್ಬರ್ ಬಿಚ್ಚಿ ನೋಡಿ, ಕ್ಯಾಮೆರಾ ಬದಲಾಯಿಸೋಕೆ ಓಡ್ಬೇಡಿ. ಮಳೆಗಾಲಕ್ಕೆ ಮುಂಚೆ ಒಂದ್ಸಲ, ಸೆಪ್ಟೆಂಬರ್‌ನ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಇನ್ನೊಂದ್ಸಲ ಈ ತೂತುಗಳನ್ನ ಕ್ಲೀನ್ ಮಾಡ್ಸಿ. ಆಯುಧಗಳ ಜೊತೆ ಕಾರಿಗೂ ಪೂಜೆ ಆಗತ್ತಲ್ಲ, ಹಾಗೇ ಬಾನೆಟ್ ಎತ್ತಿ ಇಲಿ ಗೂಡು ಕಟ್ಟಿದ್ಯಾ ಅಂತಾನೂ ನೋಡಿ. ಭತ್ತ, ಕಾಫಿ ಇಡೋ ಗೋಡೌನ್ ಪಕ್ಕದ ಶೆಡ್‌ನಲ್ಲಿ ನಿಲ್ಲಿಸೋ ಕಾರಿಗೆ ಇಲಿ ಬರದೇ ಇರೋದು ಆಶ್ಚರ್ಯ. ಎಂಜಿನ್ ವೈರಿಂಗ್ ಹಾರ್ನೆಸ್ ಪೂರ್ತಿ ಬದಲಾಯಿಸೋದಾದ್ರೆ ಲಕ್ಷಗಳ ಮಾತು.

ಪ್ರವಾಹದ ಕಾರು ಅಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಯಮಲೂರು ಕಡೆ ವಿಲ್ಲಾಗಳಲ್ಲಿ ದುಬಾರಿ ಕಾರುಗಳು ಮುಳುಗಿದ್ದು ಎಲ್ಲ ನೋಡಿದೀವಿ, 2018ರ ಆಗಸ್ಟ್‌ನಲ್ಲಿ ಪಕ್ಕದ ಕೇರಳದಲ್ಲೂ ಅಷ್ಟೇ. ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೆದು ಕೊನೆಯ ಭಾಗದಲ್ಲಿ ಕೆಸರಿನ ಗೆರೆ ಇದ್ಯಾ, ಸೀಟ್ ಕೆಳಗಿನ ಬೋಲ್ಟ್ ತುಕ್ಕು ಹಿಡಿದಿದ್ಯಾ, ಡಿಕ್ಕಿ ತಳದ ಗುಂಡಿಯಲ್ಲಿ ಮಣ್ಣಿದ್ಯಾ ನೋಡಿ, ಇನ್ಶೂರೆನ್ಸ್ ಕ್ಲೇಮ್ ಹಿಸ್ಟರಿ ತೆಗೆಸಿ. ಡೆಲ್ಲಿ ನಂಬರಿನ ಕಾರು ಇನ್ನೂ ಕಮ್ಮಿಗೆ ಸಿಗತ್ತೆ ಅಂತ ಯಾರಾದ್ರೂ ಹೇಳಿದ್ರೆ, ಅಲ್ಲಿ ಡೀಸೆಲ್‌ಗೆ 10 ವರ್ಷದ ಮಿತಿಯ ಭಯಕ್ಕೆ ಬೇಗ ಬೇಗ ಮಾರ್ತಾರೆ, ಅದಕ್ಕೇ ಅಗ್ಗ. ಇಲ್ಲಿಗೆ ತಂದು ಕೊಡಗಿನ ಕೆಎ-12 ನಂಬರ್ ಮಾಡಿಸೋಕೆ ಲೈಫ್ ಟ್ಯಾಕ್ಸ್ ಕಟ್ಟಬೇಕು, ಹೊಸ ಕಾರು 20 ಲಕ್ಷದ ಮೇಲಿದ್ರೆ ಕರ್ನಾಟಕದಲ್ಲಿ 18 ಪರ್ಸೆಂಟು, ಹಳೇದಕ್ಕೆ ವಯಸ್ಸು ನೋಡಿ ಕಮ್ಮಿ ಆದ್ರೂ ಇಂಥ ಕಾರಿಗೆ ಅದೂ ಲಕ್ಷಗಳಲ್ಲೇ ಬರತ್ತೆ. ಉಳಿದ ದುಡ್ಡು ಆರ್‌ಟಿಓಗೇ ಹೋಗತ್ತೆ.

ವೋಲ್ವೋ ಬಗ್ಗೆ ಚಿಕ್ಕದಾಗಿ ಹೇಳ್ತೀನಿ, ಯಾಕಂದ್ರೆ ನನಗೆ ನಿಮ್ಮ ದಾರಿಗೆ ಅದೇ ಹೆಚ್ಚು ಹೊಂದತ್ತೆ ಅನ್ಸತ್ತೆ. 210 ಎಂಎಂ ಗ್ರೌಂಡ್ ಕ್ಲಿಯರೆನ್ಸ್, ಬೆಂಜ್ ಪೂರ್ತಿ ಎತ್ತಿದ್ರೂ ಅಷ್ಟು ಬರಲ್ಲ, ಅದೂ ಎತ್ತಿದ ಎತ್ತರ ಸ್ಪೀಡ್ ಏರಿದ ತಕ್ಷಣ ಇಳಿದು ಬಿಡತ್ತೆ. ವೋಲ್ವೋ ಹಿಂದೆ ಗಾಳಿಚೀಲ ಇದ್ಯಾ, ಅಡ್ಡಕ್ಕೆ ಕೂತಿರೋ ಕಾಂಪೋಸಿಟ್ ಲೀಫ್ ಸ್ಪ್ರಿಂಗ್ ಇದ್ಯಾ ಅಂತ ಆ ಕಾರಿನ ಅಡಿ ಮಲಗಿ ನೋಡಿ, ಲೀಫ್ ಆದ್ರೆ ನಿಮ್ಮ ದೊಡ್ಡ ಖರ್ಚೊಂದು ಹೋಯ್ತು. ಎಂಜಿನ್ 235 ಹಾರ್ಸ್ ಪವರ್, ಎಕ್ಸ್‌ಸಿ90ಯಲ್ಲೂ ಅದೇ ಕುಟುಂಬದ ಎಂಜಿನ್ನು, ಜಪಾನಿನ ಐಸಿನ್ ಕಂಪನಿಯ 8 ಸ್ಪೀಡ್ ಗೇರ್‌ಬಾಕ್ಸ್ ಗಟ್ಟಿ. ಇದ್ರಲ್ಲಿ ಚೈನ್ ಅಲ್ಲ, ಟೈಮಿಂಗ್ ಬೆಲ್ಟ್, ಕಿಲೋಮೀಟರ್ ಅಷ್ಟೇ ಅಲ್ಲ ವರ್ಷದ ಲೆಕ್ಕನೂ ಇರತ್ತೆ, 2018ರ ಕಾರಿಗೆ ಅದ್ರ ಟೈಮ್ ಹತ್ರ ಬಂತು, 50–80 ಸಾವಿರ ಎತ್ತಿಡಿ, ಬೆಲ್ಟ್ ತುಂಡಾದ್ರೆ ಎಂಜಿನ್ನೇ ಹೋಯ್ತು. ಹಿಂದಿನ ಚಕ್ರಕ್ಕೆ ಪವರ್ ಕೊಡೋ ಕಪ್ಲಿಂಗ್‌ನ ಆಯಿಲನ್ನ ಬಹಳ ಜನ ಮಾಡ್ಸೋದೇ ಇಲ್ಲ, ಅದ್ರ ಪಂಪ್ ಕಟ್ಟಿಕೊಂಡ್ರೆ ಕಾರು ಸದ್ದಿಲ್ಲದೇ ಮುಂದಿನ ಚಕ್ರದ್ದು ಮಾತ್ರ ಆಗ್ಬಿಡತ್ತೆ, ಮಳೆಯಲ್ಲಿ ತೋಟದ ಏರಲ್ಲಿ ಜಾರಿದಾಗಲೇ ಗೊತ್ತಾಗೋದು. ಆಯಿಲ್ ಸರ್ವೀಸ್ ಇಪ್ಪತ್ತು ಸಾವಿರದೊಳಗೆ, ಪಂಪ್ ಹೋದ್ರೆ ಅದ್ರ ಮೂರು ನಾಲ್ಕು ಪಟ್ಟು. ಕಮ್ಮಿ ದೂರದ ಓಟದ ಕಾಟ ಇದಕ್ಕೂ ಇದೆ, ಡೀಸೆಲ್ ಅಂದ್ಮೇಲೆ ಸ್ವಲ್ಪ ಹೊಗೆಯನ್ನ ವಾಪಸ್ ಎಂಜಿನ್‌ಗೆ ಕಳ್ಸೋ ಇಜಿಆರ್ ವಾಲ್ವ್‌ನಲ್ಲಿ ಮಸಿ ಕಟ್ಟೋದು ತಪ್ಪಲ್ಲ.

ವೋಲ್ವೋದ ದೊಡ್ಡ ಕೊರತೆ ಸರ್ವೀಸ್. ಕೊಡಗಲ್ಲಿ ಎರಡೂ ಇಲ್ಲ, ಬೆಂಜ್‌ಗೆ ಬೆಂಗಳೂರಲ್ಲದೇ ಘಾಟಿ ಇಳಿದ್ರೆ ಮಂಗಳೂರಲ್ಲೂ ಇದೆ, ಬೆಂಗಳೂರಲ್ಲಿ ಕಂಪನಿ ಬಿಟ್ಟು ಹೊರಗೂ ಬೆಂಜ್ ಗೊತ್ತಿರೋ ಗ್ಯಾರೇಜ್ ಬೇಕಾದಷ್ಟು. ವೋಲ್ವೋ ಗೊತ್ತಿರೋ ಹೊರಗಿನ ಗ್ಯಾರೇಜ್ ಕಮ್ಮಿ. ನಿಂತು ಹೋದ್ರೆ ಎರಡನ್ನೂ ಫ್ಲಾಟ್‌ಬೆಡ್ ಮೇಲೇ ಸಾಗಿಸ್ಬೇಕು, ಎರಡು ಚಕ್ರ ನೆಲದ ಮೇಲೆ ಬಿಟ್ಟು ಎಳೆಸಿದ್ರೆ ಇನ್ನೊಂದು ರಿಪೇರಿ. ಗೋಣಿಕೊಪ್ಪದಿಂದ ಬೆಂಗಳೂರು ಸುಮಾರು 230 ಕಿ.ಮೀ., ರೋಡ್‌ಸೈಡ್ ಅಸಿಸ್ಟೆನ್ಸ್ ಇದ್ರೂ ಎಷ್ಟು ಕಿ.ಮೀ. ತನಕ ಫ್ರೀ ಅಂತ ಪಾಲಿಸಿಯ ಸಣ್ಣಕ್ಷರ ಓದಿ, ಎಂಜಿನ್ ಪ್ರೊಟೆಕ್ಟ್ ಕವರ್ (ಎಂಜಿನ್‌ಗೆ ನೀರು ಹೋಗಿ ಕೆಟ್ರೆ ಕೊಡೋ ಇನ್ಶೂರೆನ್ಸ್) ಇಲ್ದೇ ಮಳೆಗಾಲ ಕಳೀಬೇಡಿ.

ಈಗ ನೇರ ಉತ್ತರ. ನಾನು ನೀವಾಗಿದ್ರೆ ಬೆಂಜ್‌ಗೆ 34 ಕೊಡ್ತಿರ್ಲಿಲ್ಲ. ರಾತ್ರಿ ಬಿಟ್ಟು ಅಳೆದಾಗ ಪಾಸ್ ಆಗಿ, ಸರ್ವೀಸ್ ರೆಕಾರ್ಡ್ ಪೂರ್ತಿ ಇದ್ರೆ 30ರ ಆಸುಪಾಸಿಗೆ ಮಾತಾಡಿ, ಉಳಿದ 4 ಲಕ್ಷನ ಬೇರೆ ಅಕೌಂಟಲ್ಲಿ ಹಾಕಿ ಅದನ್ನ ಮುಟ್ಬೇಡಿ, ಸಸ್ಪೆನ್ಷನ್ನು, ನಾಕ್ಸ್ ಸೆನ್ಸರ್ರು ಮೊದಲ ಎರಡು ವರ್ಷದಲ್ಲಿ ಆ ದುಡ್ಡನ್ನ ಕೇಳೇ ಕೇಳ್ತವೆ. ಅದ್ರ ಮೇಲೆ ಸರ್ವೀಸು, ಟೈರು, ಬ್ರೇಕು, ಇನ್ಶೂರೆನ್ಸ್ ಅಂತ ವರ್ಷಕ್ಕೆ ಒಂದೂವರೆಯಿಂದ ಎರಡು ಲಕ್ಷ. ವೋಲ್ವೋ ಆದ್ರೆ 25 ಹೇಳಿದ್ರೆ 22ರಿಂದ ಶುರು ಮಾಡಿ, ಕಂಪನಿ ಸರ್ವೀಸ್ ರೆಕಾರ್ಡ್ ಇಲ್ದೇ ಇದ್ರೆ 20ಕ್ಕೂ ಬೇಡ, ಎತ್ತಿಡೋ ದುಡ್ಡು 3 ಲಕ್ಷ ಸಾಕು. ಎರಡ್ರಲ್ಲಿ ನನ್ನ ಓಟು ವೋಲ್ವೋಗೆ.

ಮಗಳ ಸ್ಕೂಲ್ ಡ್ಯೂಟಿಗೆ ಇದ್ಯಾವುದೂ ಬೇಡ. ಮನೆಯಲ್ಲಿ ಹಳೇ ಪೆಟ್ರೋಲ್ ಆಲ್ಟೋನೋ ಮಾರುತಿಯೋ ಇದ್ರೆ ಮಾರ್ಬೇಡಿ, 7 ಕಿ.ಮೀ. ಕೆಲಸ ಅದಕ್ಕೇ ಕೊಡಿ, ವ್ಯಾಗನ್ ವಾರಕ್ಕೊಂದ್ಸಲನಾದ್ರೂ ವಿರಾಜಪೇಟೆನೋ ಮಡಿಕೇರಿನೋ ಮುಟ್ಟಿ ಬರ್ಲಿ. ಅದು ಸಾಧ್ಯನೇ ಇಲ್ಲ, ದಿನಾ ಇದೇ ಕಾರಲ್ಲೇ ಹೋಗ್ಬೇಕು ಅಂದ್ರೆ ಡೀಸೆಲ್ ಬಿಟ್ಟು ಪೆಟ್ರೋಲ್ ಸೆಡಾನ್ ನೋಡಿ, ಅಮ್ಮನ ಮಂಡಿಗೆ ಅದೂ ಆಗತ್ತೆ. ಕಾರು ನೋಡೋಕೆ ಹೋಗೋ ಮುಂಚೆ ಎರಡೂ ಕಾರಿನ ಚಾಸಿ ನಂಬರ್, ಸರ್ವೀಸ್ ರೆಕಾರ್ಡ್ ತರಿಸ್ಕೊಳ್ಳಿ, ಅಳತೆ ಟೇಪು, ಟಾರ್ಚು ಜೊತೆಗಿರ್ಲಿ, ಸ್ಕ್ಯಾನ್ ರಿಪೋರ್ಟ್ ಮಾರೋರ ಗ್ಯಾರೇಜಲ್ಲಲ್ಲ, ನೀವು ಆರಿಸಿದ ಕಡೆನೇ ಮಾಡ್ಸಿ, ಟೋಕನ್ ಅಡ್ವಾನ್ಸ್ ಅದು ಕೈಗೆ ಬಂದ್ಮೇಲೇ ಕೊಡಿ.